ಬ್ರೇಕ್ ಉನ್ನತೀಕರಣ

ಬ್ರೇಕ್ ಉನ್ನತೀಕರಣ ಎಂದರೆ ವಾಹನದೊಂದಿಗೆ ಬಂದ ಬ್ರೇಕಿನ ಭಾಗಗಳನ್ನು ತೆಗೆದು ಹೆಚ್ಚು ಕಾವು ತಾಳುವ ಅಥವಾ ಹೆಚ್ಚು ಭಾರ ನಿಲ್ಲಿಸುವ ಭಾಗಗಳನ್ನು ಹಾಕುವುದು, ಇಲ್ಲವೇ ಬ್ರೇಕೇ ಇಲ್ಲದ ಗಾಲಿಗಳಿಗೆ ಹೊಸದಾಗಿ ಬ್ರೇಕ್ ಕೂಡಿಸುವುದು. ಸವೆದ ಲೈನರ್ ತೆಗೆದು ಅಂಥದೇ ಲೈನರ್ ಹಾಕಿದರೆ ಅದು ದುರಸ್ತಿ. ಉನ್ನತೀಕರಣದಲ್ಲಿ ಬ್ರೇಕಿನ ಸಾಮರ್ಥ್ಯವೇ ಬದಲಾಗುತ್ತದೆ. ಈ ವಿಷಯ ಸಾಮಾನ್ಯವಾಗಿ ಸ್ಪೋರ್ಟ್ಸ್ ಕಾರುಗಳ ಸಂದರ್ಭದಲ್ಲಿ ಚರ್ಚೆಗೆ ಬರುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಅದು ಭತ್ತ, ಹತ್ತಿ, ಕಲ್ಲು, ಮರಳು ಸಾಗಿಸುವ ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳಿಗೆ ಸಂಬಂಧಿಸಿದ್ದು. ಎರಡೂ ಕಡೆ ಭೌತಶಾಸ್ತ್ರ ಒಂದೇ ಆದರೂ ಖರ್ಚು ಮಾಡಿದ್ದಕ್ಕೆ ದೊರೆಯುವ ಫಲ ಬೇರೆ ಬೇರೆ.

ಪರಿಭಾಷೆ

ಈ ಲೇಖನದಲ್ಲಿ ‘ಡ್ರಮ್’ ಎಂದರೆ ಗಾಲಿಯ ಜೊತೆ ತಿರುಗುವ ಟೊಳ್ಳು ಉರುಳೆ. ‘ಶೂ’ ಅದರ ಒಳಮೈಗೆ ಒತ್ತುವ ಕಮಾನಿನಾಕಾರದ ಭಾಗ. ಶೂ ಮೇಲೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಸವೆಯುವ ಪದರ ‘ಲೈನರ್’. ‘ಡಿಸ್ಕ್’ ಗಾಲಿಯೊಂದಿಗೆ ತಿರುಗುವ ಚಪ್ಪಟೆ ತಟ್ಟೆ. ಅದನ್ನು ಎರಡೂ ಬದಿಯಿಂದ ಒತ್ತುವ ಸವೆಯುವ ಭಾಗಗಳು ‘ಪ್ಯಾಡ್’, ಪ್ಯಾಡುಗಳನ್ನು ಹಿಡಿದಿರುವ ಒತ್ತುಗ ‘ಕ್ಯಾಲಿಪರ್’. ಕಾವು ಏರಿ ಘರ್ಷಣೆ ಕುಗ್ಗಿ, ಪೆಡಲ್ ಎಷ್ಟು ತುಳಿದರೂ ಗಾಡಿ ಹಿಡಿತಕ್ಕೆ ಬಾರದ ಸ್ಥಿತಿ ‘ಫೇಡ್’. ಬ್ರೇಕ್ ಹಿಡಿಯತೊಡಗಿದ ಕ್ಷಣದಿಂದ ವಾಹನ ನಿಲ್ಲುವವರೆಗೆ ಸಾಗುವ ದೂರ ‘ನಿಲುಗಡೆ ದೂರ’. ಚಾಲಕ ಎಚ್ಚೆತ್ತು ಪೆಡಲ್ ಮುಟ್ಟುವವರೆಗಿನ ದೂರ ಇದರಲ್ಲಿ ಸೇರಿಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಎಳೆಯುವ ಗಾಡಿಯನ್ನು ‘ಇಂಜಿನ್’ ಎಂದೂ ಹಿಂದೆ ಕಟ್ಟುವುದನ್ನು ‘ಟ್ರೇಲರ್’ ಅಥವಾ ‘ಟ್ರಾಲಿ’ ಎಂದೂ ಕರೆಯುತ್ತಾರೆ. ಇಲ್ಲಿ ಟ್ರ್ಯಾಕ್ಟರ್, ಟ್ರೇಲರ್ ಎಂಬ ಪದಗಳನ್ನೇ ಬಳಸಲಾಗಿದೆ.

ಇತಿಹಾಸ

ಎತ್ತಿನ ಬಂಡಿಯನ್ನು ಬಯಲುಸೀಮೆಯಲ್ಲಿ ತಡೆಯುತ್ತಿದ್ದುದು ನೊಗ ಹೊತ್ತ ಎತ್ತುಗಳೇ. ಬೆಟ್ಟಗಾಡಿನಲ್ಲಿ ಅಷ್ಟು ಸಾಲದೆ ಗಾಲಿಗೆ ಮರದ ತುಂಡು ಒತ್ತುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆಯಿತು. ಮೋಟಾರು ವಾಹನದ ಮೊದಲ ಬ್ರೇಕುಗಳೂ ಇದೇ ಬಗೆಯವು. 1888ರಲ್ಲಿ ಬೆರ್ತಾ ಬೆಂಜ್ ತನ್ನ ಗಂಡನ ಕಾರಿನಲ್ಲಿ ದೂರಪ್ರಯಾಣ ಹೊರಟಾಗ, ಸವೆದ ಮರದ ತುಂಡಿನ ಮೇಲೆ ದಾರಿಯಲ್ಲಿ ಚಮ್ಮಾರನಿಂದ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗಿನ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಕುದುರೆಗಾಡಿಗಳಿಗಾಗಿ ಬ್ರೇಕ್ ಸಾಮಗ್ರಿ ತಯಾರಿಸತೊಡಗಿದ. ಫೆರೋಡೊ ಕಂಪನಿ ಅವನಿಂದ ಬೆಳೆದದ್ದು.

1902 ಎರಡು ಕಾರಣಗಳಿಗೆ ಮುಖ್ಯವಾದ ವರ್ಷ. ಫ್ರಾನ್ಸಿನ ಲೂಯಿ ರೆನೋ ಒಳಶೂ ಇರುವ ಡ್ರಮ್ ಬ್ರೇಕನ್ನು ರೂಪಿಸಿದ; ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ತಾಮ್ರದ ಪದರ ಬಳಸಿದ ಲ್ಯಾಂಚೆಸ್ಟರನ ಬ್ರೇಕ್ ಕಿರುಚುತ್ತಿತ್ತು, ಆ ಕಾಲದ ದೂಳುರಸ್ತೆಗಳಲ್ಲಿ ಬೇಗ ಸವೆಯುತ್ತಿತ್ತು. ಮುಚ್ಚಿದ ಡ್ರಮ್ಮಿಗೆ ದೂಳು ಅಷ್ಟು ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಮುಂದಿನ ಅರ್ಧ ಶತಮಾನ ಡ್ರಮ್ಮಿನದಾಯಿತು. ದೂಳು ಮತ್ತು ಕೆಸರು ಬ್ರೇಕಿನ ಆಯ್ಕೆಯನ್ನು ನಿರ್ಧರಿಸುವುದು ಸಿಂಧನೂರಿನಂಥ ಕಾಲುವೆ ನಾಡಿನಲ್ಲಿ ಇಂದಿಗೂ ನಿಂತಿಲ್ಲ.

ದ್ರವದ ಒತ್ತಡದಿಂದ ನಾಲ್ಕೂ ಗಾಲಿಗಳಿಗೆ ಸಮನಾಗಿ ಬಲ ಮುಟ್ಟಿಸುವ ಹೈಡ್ರಾಲಿಕ್ ಬ್ರೇಕ್ ಅಮೆರಿಕದಲ್ಲಿ ಮಾಲ್ಕಮ್ ಲಾಕ್‌ಹೀಡನ ಪ್ರಯತ್ನದಿಂದ ಬಂತು. 1921ರ ಡ್ಯೂಸೆನ್‌ಬರ್ಗ್ ಕಾರು ಅದನ್ನು ನಾಲ್ಕೂ ಗಾಲಿಗಳಲ್ಲಿ ಹೊಂದಿತ್ತು. ಗಾಳಿಯ ಒತ್ತಡದ ಬ್ರೇಕನ್ನು ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗಾಗಿ 1869ರಲ್ಲೇ ರೂಪಿಸಿದ್ದ. ಲಾರಿ, ಬಸ್ಸುಗಳು ಅದನ್ನು ಆಮೇಲೆ ತೆಗೆದುಕೊಂಡವು. ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ 1953ರಲ್ಲಿ ಲ ಮಾನ್ 24 ಗಂಟೆ ಸ್ಪರ್ಧೆ ಗೆದ್ದಿತು. ಒಂದು ಬಾರಿ ಚೆನ್ನಾಗಿ ನಿಲ್ಲುವುದಕ್ಕಿಂತ, ಹಗಲೂ ರಾತ್ರಿ ಮತ್ತೆ ಮತ್ತೆ ಹಾಗೆಯೇ ನಿಲ್ಲುವುದು ಡಿಸ್ಕಿನ ಹೆಚ್ಚಳವೆಂದು ಆ ಗೆಲುವು ತೋರಿಸಿತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ತಿರುಗದೆ ಬಿಗಿದುಕೊಳ್ಳುವುದನ್ನು ತಡೆಯುವ ವ್ಯವಸ್ಥೆ) ಮರ್ಸಿಡಿಸ್ ಕಾರಿಗೆ ಬಂತು. ಕಾರ್ಬನ್-ಸೆರಾಮಿಕ್ ಡಿಸ್ಕ್ 2001ರಿಂದ ಪೋರ್ಷೆಯ ಮೂಲಕ ರಸ್ತೆ ಕಾರುಗಳಿಗೆ ಇಳಿಯಿತು.

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಐಷರ್‌ನಿಂದ ಆರಂಭವಾಯಿತು. ಬ್ರೇಕ್ ಭಾಗಗಳ ದೊಡ್ಡ ತಯಾರಕ ಬ್ರೇಕ್ಸ್ ಇಂಡಿಯಾ 1962ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಎರೆಭೂಮಿ ಜೋಳ, ಹತ್ತಿಯಿಂದ ಭತ್ತಕ್ಕೆ ತಿರುಗಿತು. ಕೆಸರುಗದ್ದೆಯ ಉಳುಮೆಗೂ ಚೀಲಗಳ ಸಾಗಣೆಗೂ ಒಂದೇ ಯಂತ್ರ ಬೇಕಾಯಿತು. ಎತ್ತಿನ ಬಂಡಿಯ ಕೆಲಸ ಟ್ರೇಲರ್‌ಗೆ ದಾಟಿತು; ಬಂಡಿಯಂತೆಯೇ ಟ್ರೇಲರ್ ಕೂಡ ಬಹುಪಾಲು ತನ್ನದೇ ಬ್ರೇಕಿಲ್ಲದೆ ಬಂತು.

ಕೆಲಸ ಮಾಡುವ ಬಗೆ

ಬ್ರೇಕ್ ವಾಹನದ ಚಲನ ಶಕ್ತಿಯನ್ನು ಕಾವಾಗಿ ಮಾರ್ಪಡಿಸುತ್ತದೆ. ಚಲನ ಶಕ್ತಿ ತೂಕಕ್ಕೆ ನೇರ ಅನುಪಾತದಲ್ಲಿಯೂ ವೇಗದ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. 1,400 ಕಿ.ಗ್ರಾಂ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಶಕ್ತಿ ಸುಮಾರು 540 ಕಿಲೋಜೂಲ್. 2 ಟನ್ ಟ್ರ್ಯಾಕ್ಟರ್, 2 ಟನ್ ಟ್ರೇಲರ್, ಅದರಲ್ಲಿ 75 ಕಿ.ಗ್ರಾಂ.ನ 100 ಚೀಲ ಭತ್ತ ಸೇರಿ 11.5 ಟನ್ ಆದ ಜೋಡಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಶಕ್ತಿ ಸುಮಾರು 400 ಕಿಲೋಜೂಲ್. ನಿಧಾನದ ಗಾಡಿ ಎಂಬ ಮಾತು ಇಲ್ಲಿ ಮೋಸಗೊಳಿಸುತ್ತದೆ: ಕಾರಿನಲ್ಲಿ ಆ ಶಕ್ತಿಯನ್ನು ನಾಲ್ಕು ಗಾಲಿಗಳು ಹಂಚಿಕೊಂಡರೆ, ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎರಡೇ ಹಿಂಗಾಲಿಗಳು ಹೊರುತ್ತವೆ.

ಬ್ರೇಕ್ ಎಷ್ಟೇ ಬಲವಾಗಿದ್ದರೂ ಕೊನೆಯಲ್ಲಿ ವಾಹನವನ್ನು ನಿಲ್ಲಿಸುವುದು ಟೈರು ಮತ್ತು ನೆಲದ ನಡುವಿನ ಹಿಡಿತ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕವನ್ನು 0.8 ಎಂದು ಹಿಡಿದರೆ, ಮೇಲೆ ಹೇಳಿದ ಕಾರಿನ ನಿಲುಗಡೆ ದೂರ ಸುಮಾರು 49 ಮೀಟರ್. ಗಾಲಿಗಳನ್ನು ಪೂರ್ತಿ ಬಿಗಿಹಿಡಿದು ಎಬಿಎಸ್ ಎಚ್ಚರಗೊಳ್ಳುವಷ್ಟು ಬಲ ಆಧುನಿಕ ಕಾರಿನ ಮೂಲ ಬ್ರೇಕಿಗೇ ಇರುತ್ತದೆ. ಆದ್ದರಿಂದ ದೊಡ್ಡ ಕ್ಯಾಲಿಪರ್ ಹಾಕಿದ ಮಾತ್ರಕ್ಕೆ ಮೊದಲ ನಿಲುಗಡೆಯ ಈ 49 ಮೀಟರ್ ತಗ್ಗುವುದಿಲ್ಲ. ಅದನ್ನು ತಗ್ಗಿಸುವುದು ಟೈರು.

ದೊಡ್ಡ ಬ್ರೇಕಿನ ಪ್ರಯೋಜನ ಕಾವಿನ ಲೆಕ್ಕದಲ್ಲಿ ಸಿಗುತ್ತದೆ. 540 ಕಿಲೋಜೂಲಿನಲ್ಲಿ ಶೇ. 70 ಭಾಗವನ್ನು ಮುಂದಿನ ಎರಡು ಡಿಸ್ಕುಗಳು ಹೊರುತ್ತವೆ ಎನ್ನೋಣ. 8 ಕಿ.ಗ್ರಾಂ. ತೂಕದ ಎರಕ ಕಬ್ಬಿಣದ ಡಿಸ್ಕ್ ಒಂದು ನಿಲುಗಡೆಗೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ರಸ್ತೆಯಲ್ಲಿ ಎರಡು ನಿಲುಗಡೆಗಳ ನಡುವೆ ಅದು ತಣಿದುಬಿಡುತ್ತದೆ. ರೇಸ್ ಟ್ರ್ಯಾಕಿನಲ್ಲಿ ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ. ಏಳೆಂಟು ಸುತ್ತಿನೊಳಗೆ ಡಿಸ್ಕ್ ನೂರಾರು ಡಿಗ್ರಿ ದಾಟಿ ಸಾಮಾನ್ಯ ಪ್ಯಾಡು ಫೇಡ್ ಆಗುತ್ತದೆ. ಘಾಟಿ ರಸ್ತೆಯಲ್ಲಿ ಗೇರ್ ಇಳಿಸದೆ ಬ್ರೇಕ್ ಒತ್ತಿಕೊಂಡೇ ಇಳಿದರೂ ಇದೇ ಆಗುತ್ತದೆ.

ರಚನೆ ಮತ್ತು ವಿಧಗಳು

ಕಾರಿನ ಬ್ರೇಕು. ಪೆಡಲ್, ಅದರ ಬಲ ಹೆಚ್ಚಿಸುವ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಬ್ರೇಕ್ ಆಯಿಲ್ ತುಂಬಿದ ಕೊಳವೆಗಳು, ಗಾಲಿಯ ಬಳಿ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರ್ ಇದರ ಮುಖ್ಯ ಭಾಗಗಳು. ಸಾಧಾರಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಸ್ಪೋರ್ಟ್ಸ್ ಕಾರುಗಳಲ್ಲಿ ನಾಲ್ಕೂ ಡಿಸ್ಕ್. ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳೇ ದೊಡ್ಡವು.

ಟ್ರ್ಯಾಕ್ಟರಿನ ಒಣ ಡಿಸ್ಕ್ ಬ್ರೇಕು. ಹಿಂದಿನ ಆಕ್ಸಲಿನ ಇಕ್ಕೆಲದಲ್ಲಿ ಮುಚ್ಚಳದೊಳಗೆ ಲೈನರ್ ಪ್ಲೇಟುಗಳು ತಿರುಗುತ್ತಿರುತ್ತವೆ. ಪೆಡಲ್ ತುಳಿದಾಗ ಇಳಿಜಾರು ಗುಳಿಗಳಲ್ಲಿ ಕೂತ ಉಕ್ಕಿನ ಗುಂಡುಗಳು ಜರುಗಿ, ಒತ್ತು ಪ್ಲೇಟುಗಳನ್ನು ಅಗಲಿಸಿ ಬಿಗಿ ಮಾಡುತ್ತವೆ. ರಚನೆ ಸರಳ, ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲದ್ದು. ಸೀಲು ಹಳತಾದರೆ ಒಳಕ್ಕೆ ಕೆಸರುನೀರು ಅಥವಾ ಆಕ್ಸಲಿನ ಎಣ್ಣೆ ಬರುತ್ತದೆ. ನೀರು ಸೇರಿದಾಗ ಒಂದು ಬದಿ ಹಿಡಿದು ಇನ್ನೊಂದು ಬದಿ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುವುದು ಇದರ ಚಿರಪರಿಚಿತ ದೋಷ.

ಎಣ್ಣೆಯಲ್ಲಿ ಮುಳುಗಿದ ಬ್ರೇಕು. ಇದನ್ನು ಮಾರಾಟಗಾರರೂ ರೈತರೂ ‘ಆಯಿಲ್ ಬ್ರೇಕ್’ ಎನ್ನುತ್ತಾರೆ. ಹಲವು ಡಿಸ್ಕುಗಳು ಟ್ರಾನ್ಸ್‌ಮಿಷನ್ ಎಣ್ಣೆಯೊಳಗೇ ತಿರುಗುತ್ತವೆ. ಎಣ್ಣೆಯಿಂದ ಘರ್ಷಣಾಂಕ ತಗ್ಗುತ್ತದೆ. ಡಿಸ್ಕುಗಳ ಸಂಖ್ಯೆ ಹೆಚ್ಚಿಸಿ, ಒತ್ತುವ ಬಲ ಹೆಚ್ಚಿಸಿ ಆ ಕೊರತೆ ತುಂಬುತ್ತಾರೆ. ಕಾವು ಎಣ್ಣೆಗೆ ಹೋಗುತ್ತದೆ. 40 ಲೀಟರ್ ಎಣ್ಣೆ ಇರುವ ಗಾಡಿಯಲ್ಲಿ 400 ಕಿಲೋಜೂಲ್ ಪೂರ್ತಿ ಎಣ್ಣೆಗೆ ಹೋದರೂ ಅದು ಸುಮಾರು 6 ಡಿಗ್ರಿ ಮಾತ್ರ ಬಿಸಿಯಾಗುತ್ತದೆ. ಹೊರಗಿನ ಕೆಸರು, ದೂಳು ಒಳಗೆ ಬರಲಾರದು. ಸವೆತ ಕಡಿಮೆ. ತಯಾರಕರು ಹೇಳಿದ ಬಗೆಯ ಎಣ್ಣೆಯನ್ನೇ ಹಾಕಬೇಕಾದದ್ದು ಮಾತ್ರ ಕಡ್ಡಾಯ. ಬೇರೆ ಎಣ್ಣೆ ಹಾಕಿದರೆ ಬ್ರೇಕ್ ಸದ್ದು ಮಾಡುತ್ತದೆ, ನಡುಗುತ್ತದೆ.

ಎರಡೂ ಬಗೆಯಲ್ಲಿ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಪೆಡಲ್ ಇರುತ್ತವೆ. ಹೊಲದ ಬದುವಿನಲ್ಲಿ ಒಂದನ್ನೇ ತುಳಿದು ಚಿಕ್ಕ ಜಾಗದಲ್ಲಿ ಗಾಡಿ ತಿರುಗಿಸಲು ಈ ಏರ್ಪಾಟು. ರಸ್ತೆಗೆ ಬಂದಾಗ ಎರಡೂ ಪೆಡಲ್‌ಗಳನ್ನು ಕೊಂಡಿಯಿಂದ ಜೋಡಿಸಬೇಕು. ಕೊಂಡಿ ಹಾಕದೆ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚುತ್ತದೆ. ಹಣ ಬೇಡದ ಸುರಕ್ಷತಾ ಕ್ರಮಗಳಲ್ಲಿ ಕೊಂಡಿ ಹಾಕುವುದು ಮೊದಲನೆಯದು. ಕೊಂಡಿಯೇ ಮುರಿದುಹೋದ ಗಾಡಿಗಳಿಗೆ ಮಾತ್ರ ಬರವಿಲ್ಲ.

ಟ್ರೇಲರ್ ಬ್ರೇಕು. ಮೂರು ಬಗೆ ಬಳಕೆಯಲ್ಲಿವೆ. ಓವರ್‌ರನ್ ಬ್ರೇಕಿನಲ್ಲಿ ಟ್ರ್ಯಾಕ್ಟರ್ ನಿಧಾನವಾದಾಗ ಹಿಂದಿನಿಂದ ನೂಕುವ ಟ್ರೇಲರಿನ ಮೂಕಿ (ಟ್ರ್ಯಾಕ್ಟರಿಗೆ ಕಟ್ಟುವ ದಂಡ) ಜಾರಿ, ಆ ನೂಕುಬಲವೇ ಟ್ರೇಲರಿನ ಬ್ರೇಕನ್ನು ಒತ್ತುತ್ತದೆ. ಹೈಡ್ರಾಲಿಕ್ ಬ್ರೇಕಿಗೆ ಟ್ರ್ಯಾಕ್ಟರಿನಲ್ಲಿ ಪ್ರತ್ಯೇಕ ವಾಲ್ವ್ ಬೇಕು. ಪೆಡಲ್ ತುಳಿದಂತೆ ಒತ್ತಡದ ಎಣ್ಣೆ ಪೈಪಿನ ಮೂಲಕ ಟ್ರೇಲರಿನ ಡ್ರಮ್ಮಿಗೆ ಹೋಗುತ್ತದೆ. ಏರ್ ಬ್ರೇಕಿಗೆ ಕಂಪ್ರೆಸರ್ ಮತ್ತು ಗಾಳಿ ಟ್ಯಾಂಕ್ ಬೇಕು. ಇವು ಮೂರೂ ಇಲ್ಲದ ಟ್ರೇಲರ್‌ಗಳು ಹೇರಳವಾಗಿವೆ.

ಲಾರಿಯ ಬ್ರೇಕು. ಭತ್ತ, ಅಕ್ಕಿ ಹೊತ್ತು ಹೋಗುವ ಭಾರಿ ಲಾರಿಗಳದು ಏರ್ ಬ್ರೇಕ್, ಡ್ರಮ್. ಇವುಗಳ ಪಾರ್ಕಿಂಗ್ ಬ್ರೇಕಿನಲ್ಲಿ ಸ್ಪ್ರಿಂಗ್ ಬ್ರೇಕನ್ನು ಬಿಗಿಹಿಡಿದಿರುತ್ತದೆ, ಗಾಳಿ ಅದನ್ನು ಬಿಡಿಸುತ್ತದೆ. ಗಾಳಿ ಸೋರಿದರೆ ಲಾರಿ ಓಡುವುದಿಲ್ಲ, ನಿಲ್ಲುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಂಥ ಆಳದ ಗಣಿಗಳಲ್ಲಿ ಜನರನ್ನು, ಅದಿರನ್ನು ಏರಿಳಿಸುವ ವೈಂಡರ್ ಯಂತ್ರಗಳ ಬ್ರೇಕಿಗೂ ಇದೇ ತತ್ತ್ವ: ಶಕ್ತಿ ಕಡಿದುಹೋದರೆ ಬ್ರೇಕ್ ತಾನಾಗಿ ಹಿಡಿಯಬೇಕು. ಟ್ರೇಲರ್ ಬ್ರೇಕಿನಲ್ಲಿ ಈ ತತ್ತ್ವ ಅಪರೂಪ. ಮೂಕಿಯ ಪಿನ್ನು ಕಳಚಿದರೆ ಸಾಮಾನ್ಯ ಟ್ರೇಲರನ್ನು ತಡೆಯುವುದು ಯಾವುದೂ ಇಲ್ಲ.

ಕಾರಿನಲ್ಲಿ ಉನ್ನತೀಕರಣ

ಕಾರಿನ ಬ್ರೇಕ್ ಉನ್ನತೀಕರಣ ಅಗ್ಗದಿಂದ ದುಬಾರಿಯ ಕಡೆಗೆ ಸಾಗುವ ಸಾಲು. ಆ ಸಾಲಿನ ಅಗ್ಗದ ತುದಿಯಲ್ಲೇ ಹೆಚ್ಚು ಫಲವಿದೆ.

ಮೊದಲನೆಯದು ಬ್ರೇಕ್ ಆಯಿಲ್. ಗ್ಲೈಕಾಲ್ ಮೂಲದ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ. ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ ಇವು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿ ಗುಳ್ಳೆಗಳಾಗಿ, ಒತ್ತಡ ಪ್ಯಾಡಿಗೆ ಮುಟ್ಟದೆ ಪೆಡಲ್ ನೆಲ ಮುಟ್ಟುತ್ತದೆ. ಹಲವು ವರ್ಷ ಬದಲಿಸದ ಆಯಿಲ್ ಇರುವ ಕಾರಿಗೆ ದೊಡ್ಡ ಕ್ಯಾಲಿಪರ್ ಹಾಕಿಸುವುದು ಹಣದ ಪೋಲು. ಸಿಲಿಕೋನ್ ಮೂಲದ ಡಾಟ್ 5 ಬೇರೆಯದೇ ವಸ್ತು; ಉಳಿದವುಗಳ ಜೊತೆ ಬೆರೆಸುವಂತಿಲ್ಲ.

ಎರಡನೆಯದು ಪ್ಯಾಡ್. ಹೆಚ್ಚಿನ ಕಾವಿಗೆ ಮಾಡಿದ ರೇಸ್ ಪ್ಯಾಡು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನು ತಿನ್ನುತ್ತದೆ. ದಿನನಿತ್ಯದ ಓಡಾಟಕ್ಕೆ ಅದು ಮೂಲ ಪ್ಯಾಡಿಗಿಂತ ಕೆಟ್ಟದ್ದು. ರಸ್ತೆಗೂ ಆಗೀಗ ಟ್ರ್ಯಾಕಿಗೂ ಹೊಂದುವ ನಡುವಣ ಬಗೆಯ ಪ್ಯಾಡುಗಳು ಬಹುತೇಕರಿಗೆ ಸಾಕು. ಉಕ್ಕಿನ ಹೆಣಿಗೆಯ ಪೈಪುಗಳು ಪೆಡಲನ್ನು ಗಟ್ಟಿಗೊಳಿಸುತ್ತವೆ, ನಿಲುಗಡೆ ದೂರವನ್ನು ತಗ್ಗಿಸುವುದಿಲ್ಲ.

ದೊಡ್ಡ ಡಿಸ್ಕ್, ನಾಲ್ಕು ಅಥವಾ ಆರು ಪಿಸ್ಟನ್ ಕ್ಯಾಲಿಪರ್ ಕೊನೆಯ ಹಂತ. ಡಿಸ್ಕಿನ ತೂಕ ಹೆಚ್ಚಾದಷ್ಟೂ ಪ್ರತಿ ನಿಲುಗಡೆಗೆ ಏರುವ ಕಾವು ಕಡಿಮೆ. ಒಳಗೆ ಗಾಳಿ ಹಾದಿ ಇದ್ದರೆ ಬೇಗ ತಣಿಯುತ್ತದೆ. ತೊಡಕುಗಳೂ ಇವೆ. ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ ಹೆಚ್ಚಾದರೆ ಹಳೆಯ ಮಾಸ್ಟರ್ ಸಿಲಿಂಡರ್ ಸಾಲದೆ ಪೆಡಲ್ ಆಳಕ್ಕೆ ಹೋಗುತ್ತದೆ. ಮುಂದೆ ಮಾತ್ರ ದೊಡ್ಡದು ಮಾಡಿದರೆ ಮುಂದಿನ ಗಾಲಿಗಳು ಬೇಗ ಹಿಡಿದುಕೊಂಡು ಹಿಂದಿನವು ಕೆಲಸಗಳ್ಳರಾಗುತ್ತವೆ. ಎಬಿಎಸ್ ಇದ್ದರೂ ಒಟ್ಟು ನಿಲುಗಡೆ ದೂರ ಮೊದಲಿಗಿಂತ ಹೆಚ್ಚಬಹುದು. ಡಿಸ್ಕಿಗೆ ಜಾಗ ಸಾಲದೆ ರಿಮ್ಮು ದೊಡ್ಡದಾಗಬೇಕು, ಅದರೊಂದಿಗೆ ಟೈರೂ. ಕಾರ್ಬನ್-ಸೆರಾಮಿಕ್ ಡಿಸ್ಕ್ ಹಗುರ, ಬಹಳ ಕಾವು ತಾಳುತ್ತದೆ. ಬೆಲೆ ಸಾಧಾರಣ ಕಾರಿನ ಬೆಲೆಯನ್ನು ಮುಟ್ಟಬಲ್ಲದು.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕುಗಳಿಗೆ ಕಾರು ಒಯ್ಯುವವರಿಗೆ ಈ ಸಾಲು ಅರ್ಥಪೂರ್ಣ. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಪದೇ ಪದೇ ಇಳಿಯುವವರಿಗೆ ಹೊಸ ಆಯಿಲ್ ಮತ್ತು ಒಳ್ಳೆಯ ಪ್ಯಾಡ್ ಸಾಕು. ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಯುವುದನ್ನು ಉನ್ನತೀಕರಣದಲ್ಲಿ ಸೇರಿಸುವಂತಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ

ಮೂರೂ ಪಟ್ಟಣಗಳನ್ನು ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಪೋಣಿಸುತ್ತದೆ. ಸಿಂಧನೂರು ಸಮತಟ್ಟಾದ ಎರೆಭೂಮಿ. ಕಾಲುವೆ, ಉಪಕಾಲುವೆಗಳನ್ನು ದಾಟುವ ಸೇತುವೆಗಳೇ ಇಲ್ಲಿಯ ಏರಿಳಿತ. ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಹೋದಂತೆ ಕಲ್ಲುಗುಡ್ಡಗಳು, ಮಸಾರಿ ನೆಲ, ಉದ್ದ ಇಳಿಜಾರುಗಳು ಬರುತ್ತವೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಬಸ್ಸು, ಲಾರಿಗಳ ನಡುವೆಯೇ 30 ಕಿ.ಮೀ. ವೇಗದ ಟ್ರ್ಯಾಕ್ಟರುಗಳು ಓಡುತ್ತವೆ.

ವರ್ಷದ ಕೆಲಸದ ಸುತ್ತು ಬ್ರೇಕಿನ ಆರೋಗ್ಯವನ್ನು ನಿರ್ಧರಿಸುತ್ತದೆ. ನಾಟಿಗೆ ಮೊದಲು ಕಬ್ಬಿಣದ ಕೇಜ್ ಗಾಲಿ ಕಟ್ಟಿ ಗದ್ದೆಯನ್ನು ಕೆಸರು ಮಾಡುವಾಗ ಟ್ರ್ಯಾಕ್ಟರ್ ಆಕ್ಸಲಿನವರೆಗೆ ನೀರಿನಲ್ಲಿರುತ್ತದೆ. ಎರೆಮಣ್ಣಿನ ನುಣ್ಣನೆಯ ಕೆಸರು ಸಣ್ಣ ಸಂದಿನಲ್ಲೂ ನುಗ್ಗುತ್ತದೆ. ಕೊಯ್ಲಿನ ಕಾಲದಲ್ಲಿ ಅದೇ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿಕೊಂಡು ಹೊಲದಿಂದ ಕಣಕ್ಕೆ, ಕಣದಿಂದ ಮಿಲ್ಲಿಗೆ ಭತ್ತ ಹೊರುತ್ತದೆ. ಅಂದರೆ ಕೆಸರಿನಲ್ಲಿ ಕೆಟ್ಟ ಬ್ರೇಕಿನ ಮೇಲೆ ವರ್ಷದ ಅತಿ ಹೆಚ್ಚು ಭಾರ ಬೀಳುತ್ತದೆ. ಒಣ ಡಿಸ್ಕಿಗಿಂತ ಆಯಿಲ್ ಬ್ರೇಕ್ ಇಲ್ಲಿ ಮೇಲೆಂಬುದಕ್ಕೆ ಕಾರಣ ನಿಲ್ಲಿಸುವ ಬಲವಲ್ಲ, ಈ ಕೆಸರು. ಒಣ ಬ್ರೇಕಿನ ಹಳೆಯ ಟ್ರ್ಯಾಕ್ಟರಿಗೆ ಆಯಿಲ್ ಬ್ರೇಕ್ ಕೂಡಿಸುವುದು ವರ್ಕ್‌ಶಾಪಿನ ಕೆಲಸವಲ್ಲ. ಆಕ್ಸಲಿನ ಹೊರಕವಚವೇ ಬೇರೆ. ಆದ್ದರಿಂದ ಈ ಉನ್ನತೀಕರಣ ನಡೆಯುವುದು ಹೊಸ ಗಾಡಿ ಕೊಳ್ಳುವಾಗ. ಹಳೆಯದನ್ನು ಇಟ್ಟುಕೊಂಡವರಿಗೆ ಉಳಿಯುವುದು ಕೆಸರು ಉಳುಮೆ ಮುಗಿದ ಕೂಡಲೇ ಮುಚ್ಚಳ ಬಿಚ್ಚಿಸಿ ಪ್ಲೇಟು ತೊಳೆಸಿ, ಸೀಲು ಬದಲಿಸಿ, ಎರಡೂ ಪೆಡಲಿನ ಆಟ ಸಮ ಮಾಡಿಸುವುದು.

ಟ್ರೇಲರಿನ ಲೆಕ್ಕ ಇನ್ನೂ ಸ್ಪಷ್ಟ. ಮೇಲೆ ಹೇಳಿದ 11.5 ಟನ್ನಿನ ಜೋಡಿ ಗಂಟೆಗೆ 30 ಕಿ.ಮೀ. ವೇಗದಲ್ಲಿದೆ, ಒಣ ರಸ್ತೆಯ ಘರ್ಷಣಾಂಕ 0.6 ಎಂದಿಟ್ಟುಕೊಳ್ಳೋಣ. ಎರಡು ಗಾಲಿಯ ಟ್ರೇಲರಿನಲ್ಲಿ ಸ್ವಲ್ಪ ಭಾರ ಮೂಕಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಕೂರುತ್ತದೆ. ಆ ಗಾಲಿಗಳ ಮೇಲೆ ಒಟ್ಟು 2.5 ಟನ್ ಇದ್ದರೆ, ಅವು ಜಾರುವ ಅಂಚಿನವರೆಗೆ ಬ್ರೇಕ್ ಹಿಡಿದರೂ ನಿಲುಗಡೆ ದೂರ ಸುಮಾರು 27 ಮೀಟರ್. ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುವುದರಿಂದ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ 1.3 ಟನ್ನಷ್ಟೇ ಇರುತ್ತದೆ. ಆಗ ದೂರ ಸುಮಾರು 52 ಮೀಟರ್. ನೋಡಲು ಸ್ಥಿರವಾಗಿ ಕಾಣುವ ನಾಲ್ಕು ಗಾಲಿಯ ಟ್ರೇಲರ್ ನಿಲ್ಲುವ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಟ್ರೇಲರಿನ ಗಾಲಿಗಳಿಗೂ ಸಾಧಾರಣ ಬ್ರೇಕ್ ಇದ್ದು, ಒಟ್ಟು ಹಿಡಿತದ ಅರ್ಧದಷ್ಟನ್ನು ಬಳಸಿಕೊಂಡರೂ ದೂರ ಸುಮಾರು 12 ಮೀಟರಿಗೆ ಇಳಿಯುತ್ತದೆ. ಸ್ಪೋರ್ಟ್ಸ್ ಕಾರಿಗೆ ಎಷ್ಟು ಹಣ ಸುರಿದರೂ ನಿಲುಗಡೆ ದೂರ ಅರ್ಧಕ್ಕಿಳಿಯುವುದಿಲ್ಲ. ಇಲ್ಲಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಕಾಲುವೆ ಸೇತುವೆಯ ಇಳಿಜಾರು ಶೇ. 4 ಇದ್ದರೆ ಮೊದಲಿನ 27 ಮೀಟರ್ 39 ಆಗುತ್ತದೆ. ಮಳೆಯಲ್ಲಿ ಗದ್ದೆಯಿಂದ ಬಂದ ಗಾಲಿಗಳು ರಸ್ತೆಗೆ ಬಳಿದ ಕೆಸರಿನ ಮೇಲೆ ಘರ್ಷಣಾಂಕ 0.3ಕ್ಕೆ ಇಳಿದರೆ ಸಮತಟ್ಟಿನಲ್ಲೂ ದೂರ ಇಮ್ಮಡಿ. ಬ್ರೇಕಿಲ್ಲದ ಟ್ರೇಲರ್ ನಿಲ್ಲದೆ ಮುಂದಕ್ಕೆ ನೂಕಿ ಟ್ರ್ಯಾಕ್ಟರನ್ನು ಅಡ್ಡ ಮಡಚುವುದು ಇಂಥ ಇಳಿಜಾರಿನಲ್ಲೇ. ಪಕ್ಕದಲ್ಲಿ ತಡೆಗೋಡೆ ಇಲ್ಲದ ಕಾಲುವೆ ಏರಿಯ ದಾರಿಯಲ್ಲಿ ಮಡಚಿದ ಗಾಡಿ ನೀರಿಗೆ ಹೋಗುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ ಮಾಡುವ ರೂಢಿ ಇಂಜಿನ್ನಿನ ತಡೆಬಲವನ್ನೂ ಕಳೆಯುತ್ತದೆ. ಉಳಿಯುವ ಡೀಸೆಲ್ ಹನಿಗಳ ಲೆಕ್ಕದ್ದು. ಸಿಂಧನೂರು ತಾಲ್ಲೂಕಿನ ಅಂಬಾಮಠದಂಥ ಜಾತ್ರೆಗಳಿಗೆ, ಮದುವೆಗಳಿಗೆ ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವಾಗ ಸಾಮಾನ್ಯವಾಗಿ ಭಾರ ಕಡಿಮೆ, ವೇಗ ಹೆಚ್ಚು. ಟ್ರೇಲರ್ ಜನ ಸಾಗಣೆಗೆ ಮಾಡಿದ ವಾಹನವಲ್ಲ, ಬ್ರೇಕ್ ಇದ್ದರೂ ಅಲ್ಲ.

ವೆಚ್ಚವನ್ನು ಹೋಲಿಸುವುದಾದರೆ, ಟ್ರೇಲರಿಗೆ ಡ್ರಮ್ ಬ್ರೇಕ್ ಸಹಿತ ಆಕ್ಸಲ್ ಮತ್ತು ಹೈಡ್ರಾಲಿಕ್ ಜೋಡಣೆಗೆ ತಗಲುವ ಹಣ ಟ್ರೇಲರಿನ ಬೆಲೆಯ ಒಂದು ಪಾಲು ಮಾತ್ರ. ಅಡ್ಡಿಯಾಗಿರುವುದು ಬೆಲೆಗಿಂತ ಬಳಕೆಯ ರೀತಿ. ಒಬ್ಬರ ಟ್ರೇಲರನ್ನು ಇನ್ನೊಬ್ಬರ ಟ್ರ್ಯಾಕ್ಟರಿಗೆ ಕಟ್ಟುವುದು ಇಲ್ಲಿ ಸಾಮಾನ್ಯ. ಹೈಡ್ರಾಲಿಕ್ ಜೋಡಣೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಬ್ರೇಕ್ ನಿರುಪಯುಕ್ತ. ಯಾವ ಟ್ರ್ಯಾಕ್ಟರಿಗೆ ಕಟ್ಟಿದರೂ ಕೆಲಸ ಮಾಡುವ ಓವರ್‌ರನ್ ಬ್ರೇಕ್ ಈ ಕಾರಣಕ್ಕೆ ಹೆಚ್ಚು ಹೊಂದುತ್ತದೆ. ಹಿಂದಕ್ಕೆ ತೆಗೆಯುವಾಗ ಅದೂ ಹಿಡಿಯುವುದರಿಂದ ಕೊಂಡಿ ಹಾಕಿ ಬಿಡಿಸಿಕೊಳ್ಳಬೇಕು, ಆ ಕೊಂಡಿಯನ್ನು ಆಮೇಲೆ ತೆಗೆಯಲು ಮರೆಯಬಾರದು.

ಕಾನೂನು

ವಾಹನಗಳ ಬ್ರೇಕಿಗೆ ಸಂಬಂಧಿಸಿದ ಮಾನದಂಡಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮದಲ್ಲಿವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಮೂಲ ಗುಣಮಟ್ಟದ ಪ್ಯಾಡ್, ಆಯಿಲ್ ಬದಲಿಸುವುದು ನಿರ್ವಹಣೆ. ಬೇರೆ ಅಳತೆಯ ಡಿಸ್ಕ್, ಕ್ಯಾಲಿಪರ್, ಅದಕ್ಕಾಗಿ ದೊಡ್ಡ ರಿಮ್ಮು ಹಾಕಿಸುವವರು ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಮೊದಲೇ ಕೇಳಬೇಕು.

ಇಂದಿನ ಸ್ಥಿತಿ

ಕಾರುಗಳಿಗೆ ಎಬಿಎಸ್ ಮತ್ತು 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕ ಬೈಕುಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಕಾಂಬಿ ವ್ಯವಸ್ಥೆ ಬಂತು. ಇದರಿಂದ ಕಾರು, ಬೈಕುಗಳಲ್ಲಿ ಹಿಂದೆ ಉನ್ನತೀಕರಣ ಎನಿಸಿಕೊಂಡದ್ದು ಈಗ ಮೂಲ ಸಾಮಗ್ರಿ. ಟ್ರ್ಯಾಕ್ಟರುಗಳಲ್ಲಿ ಆಯಿಲ್ ಬ್ರೇಕ್ ಹೊಸ ಮಾದರಿಗಳ ಸಾಮಾನ್ಯ ಲಕ್ಷಣವಾಗಿದೆ. ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರುಗಳ ಬಳಕೆಯೂ ಹೆಚ್ಚುತ್ತಿದೆ. ಮುಂದಿನ ಆಕ್ಸಲ್ ಜೋಡಣೆಯಲ್ಲಿದ್ದಾಗ ಹಿಂದಿನ ಬ್ರೇಕಿನ ಬಲ ಮುಂಗಾಲಿಗಳಿಗೂ ಮುಟ್ಟುತ್ತದೆ. ಎಲೆಕ್ಟ್ರಿಕ್ ಕಾರುಗಳು ನಿಧಾನವಾಗುವಾಗ ಮೋಟಾರಿನಿಂದಲೇ ವಿದ್ಯುತ್ ಮರಳಿ ಪಡೆಯುವುದರಿಂದ ಅವುಗಳ ಪ್ಯಾಡು ಹೆಚ್ಚು ಕಾಲ ಬಾಳುತ್ತದೆ, ಬಳಕೆ ಕಡಿಮೆಯಾದ ಡಿಸ್ಕಿಗೆ ತುಕ್ಕು ಹಿಡಿಯುವ ಹೊಸ ತೊಂದರೆಯೂ ಬಂದಿದೆ.

ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿಯಿಂದ ದೂಳು ಊದುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಸುರಕ್ಷಿತ. ಸ್ಥಳೀಯ ಕಾರ್ಖಾನೆಗಳಲ್ಲಿ ತಯಾರಾಗುವ ಟ್ರೇಲರ್‌ಗಳನ್ನು ಕೊಳ್ಳುವವರು ಚ್ಯಾಸಿಯ ಗೇಜು, ಟೈರಿನ ಅಳತೆ, ಎತ್ತುವ ಜಾಕ್ ಕೇಳುತ್ತಾರೆ. ಬ್ರೇಕ್ ಸಹಿತ ಆಕ್ಸಲನ್ನು ಬೇಕೆಂದು ಹೇಳಿ ಹಾಕಿಸಿಕೊಳ್ಳಬೇಕಾಗುತ್ತದೆ.